ಬೆಳಕಿಂಡಿಯಿಂದ ಇಳಿದ ನೀಲಿ ವೈರು

ವೈರು ಚುಚ್ಚಿದರೆ ಕಂಪ್ಯೂಟರು ತಾನಾಗಿ ವೈರಿನ ಮಾತು ಕೇಳುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ಕೇಳುವುದಿಲ್ಲ. ಮೊದಲು ಇದರ ಮಾತು ಕೇಳು, ಆಮೇಲೆ ಅದರದ್ದು ಎಂದು ಅದಕ್ಕೆ ಬಿಡಿಸಿ ಹೇಳಬೇಕಾಗುತ್ತದೆ. ಇದು ನನಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ, ಮುದ್ದೇಬಿಹಾಳದ ನಮ್ಮ ಮನೆಯ ಒಳಕೋಣೆಯಲ್ಲಿ. ಒಂದು ವಾರ ತಡವಾಗಿ ಗೊತ್ತಾಗಿದ್ದರೆ ನನ್ನ ಐವತ್ತು ವರ್ಷದ ಗೆಳತಿಯನ್ನು ಕಳೆದುಕೊಳ್ಳುತ್ತಿದ್ದೆ.

ನಾವಿಬ್ಬರೂ ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಳೆದವರು. ಅವಳ ಮಂಚದ ಪಕ್ಕ ನನ್ನ ಮಂಚ. ಅಲ್ಲಿ ಸಂಜೆಯ ಸ್ಟಡಿ ಅವರ್ ಶುರುವಾಯಿತೆಂದರೆ ಒಂದು ಪಿಸುಮಾತೂ ಆಡುವಂತಿರಲಿಲ್ಲ. ಸಿಸ್ಟರ್ ಗಂಟೆ ಬಾರಿಸಿ, “ಸೈಲೆನ್ಸ್, ಗರ್ಲ್ಸ್” ಅಂದರೆ ಮುಗಿಯಿತು. ಆದರೆ ಸಿಸ್ಟರ್ ಕಿವಿಯಿಂದ ಕಾವಲು ಕಾಯುತ್ತಿದ್ದರೇ ಹೊರತು ಕಣ್ಣಿನಿಂದ ಅಲ್ಲ. ಉದ್ದನೆಯ ಟೇಬಲ್ಲಿನ ಈ ಕಡೆ ನಾನು, ಆ ಕಡೆ ಅವಳು, ದನಿ ತೆಗೆಯದೆ ಬರೀ ತುಟಿ ಆಡಿಸಿ ಮಾತಾಡಿಕೊಳ್ಳುತ್ತಿದ್ದೆವು. ಯಾರಿಗೆ ಮನೆಯಿಂದ ಪಾರ್ಸೆಲ್ ಬಂದಿದೆ, ಯಾರ ಜಡೆಯಲ್ಲಿ ಹೇನು ಸಿಕ್ಕಿದೆ, ನಾಳೆಯ ಟೆಸ್ಟಿಗೆ ಯಾವ ಚಾಪ್ಟರ್, ಎಲ್ಲಾ ತುಟಿಯ ಮೇಲೆಯೇ. ಮೆಟ್ರಿಕ್ ಮುಗಿಯುವ ಹೊತ್ತಿಗೆ ನಾನು ಬಾಯಿ ಅರ್ಧ ತೆರೆದರೆ ಸಾಕು, ಅವಳು ಪೂರ್ತಿ ವಾಕ್ಯ ಓದಿಬಿಡುತ್ತಿದ್ದಳು.

ಆಮೇಲೆ ಅವಳು ಮದುವೆಯಾಗಿ ನಾಗಪುರಕ್ಕೆ ಹೋದಳು. ನಾನು ಇಂಗ್ಲಿಷ್ ಟೀಚರ್ ಆಗಿ ಇಂಡಿ, ಬಸವನ ಬಾಗೇವಾಡಿ, ಸಿಂದಗಿ ಅಂತ ಟ್ರಾನ್ಸ್‌ಫರ್ ಆದ ಕಡೆಗೆಲ್ಲ ಟ್ರಂಕು ಹೊತ್ತು ತಿರುಗಿದೆ. ನಮ್ಮ ನಡುವೆ ಕಾಗದ ಎಂದೂ ನಿಲ್ಲಲಿಲ್ಲ. ಆದರೆ ವಯಸ್ಸಾಗುತ್ತ ಅವಳ ಬೆರಳ ಗಂಟುಗಳು ಊದಿಕೊಂಡು ಪೆನ್ನು ಹಿಡಿಯುವುದು ಕಷ್ಟವಾಯಿತು. ಫೋನಿನಲ್ಲಾದರೂ ಮಾತಾಡೋಣ ಅಂದರೆ ಕಿವಿ ಮಂದವಾಗುತ್ತ ಬಂದು, ಒಂದು ದಿನ ಪೂರ್ತಿ ಹೋಯಿತು. ಮಶೀನು ಹಾಕಿಕೊಂಡಳು. “ಇದರಾಗ ಗಾಳಿ ಒಂದ ಕೇಳ್ತದ. ಗಾಳಿ ಜೋಡಿ ಏನ ಮಾತಾಡ್ಲಿ?” ಅಂತ ತೆಗೆದು ಡಬ್ಬಿಯಲ್ಲಿಟ್ಟಳು.

ಆಗ ಅವಳ ಸೊಸೆ ಕಂಪ್ಯೂಟರಿಗೆ ಕ್ಯಾಮೆರಾ ಕೂಡಿಸಿಕೊಟ್ಟಳು. ನಾನು ಸಿಂದಗಿಯಲ್ಲಿದ್ದಾಗಲೇ ಕಂಪ್ಯೂಟರ್ ಕಲಿತಿದ್ದೆ. ಶಾಲೆಗೆ ಎರಡು ಕಂಪ್ಯೂಟರ್ ಬಂದಿದ್ದವು. ಅವಕ್ಕೆ ಪ್ಲಾಸ್ಟಿಕ್ ಹೊದಿಕೆ, ಕೋಣೆಗೆ ಬೀಗ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಹಾಗೆ ಭಕ್ತಿಯಿಂದ ಕಲಿತ ವಿದ್ಯೆ. ರಿಟೈರ್ ಆಗಿ ಮುದ್ದೇಬಿಹಾಳದ ಗಂಡನ ಮನೆಯಲ್ಲಿ ನೆಲೆಯೂರಿದ ಮೇಲೆ ಒಂದು ಲ್ಯಾಪ್‌ಟಾಪ್ ಕೊಂಡೆವು. ಪ್ರತಿ ಗುರುವಾರ ನಾಲ್ಕು ಗಂಟೆಗೆ ಅವಳು ಆ ಕಡೆ, ನಾನು ಈ ಕಡೆ. ಅವಳಿಗೆ ನನ್ನ ದನಿ ಬೇಡ. ಬಾಯಿ ಕಂಡರೆ ಸಾಕು.

ಆದರೆ ಬಾಯಿ ಕಾಣಬೇಕಲ್ಲ!

ನಮ್ಮ ಮನೆ ಹಳೆಯದು, ಕಲ್ಲುಮಣ್ಣಿನ ಎರಡೂವರೆ ಅಡಿ ದಪ್ಪದ ಗೋಡೆಗಳು, ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆ. ಟೆಲಿಫೋನಿನ ತಂತಿ ಬಂದದ್ದು ಮುಂದಿನ ಪಡಸಾಲೆಗೆ. ಹಾಗಾಗಿ ಬ್ರಾಡ್‌ಬ್ಯಾಂಡಿನ ಪೆಟ್ಟಿಗೆಯೂ ಅಲ್ಲಿಯೇ ಸ್ಟೂಲಿನ ಮೇಲೆ. ಪಡಸಾಲೆ ಕತ್ತಲು. ಅಲ್ಲಿ ಕೂತರೆ ಸ್ಕ್ರೀನಿನಲ್ಲಿ ನನ್ನ ಕನ್ನಡಕ ಮಾತ್ರ ಹೊಳೆಯುತ್ತಿತ್ತು. ನನ್ನ ಒಳಕೋಣೆಗಾದರೆ ಮಾಳಿಗೆಯ ಬೆಳಕಿಂಡಿಯಿಂದ ನಾಲ್ಕು ಗಂಟೆಯ ಬೆಳಕು ಸೀದಾ ಮುಖದ ಮೇಲೆ ಬೀಳುತ್ತಿತ್ತು. ತುಟಿ ಓದುವವಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಅಷ್ಟು ದೂರಕ್ಕೆ, ಅಷ್ಟು ಗೋಡೆ ದಾಟಿ, ವೈರ್‌ಲೆಸ್ಸು ತೇಕುತ್ತ ಬರುತ್ತಿತ್ತು.

ನಮ್ಮ ಮನೆಯವರು ರಿಟೈರ್ಡ್ ದನದ ಡಾಕ್ಟರು. ಅವರಿಗೆ ಈ ವೈರ್‌ಲೆಸ್ ಮೇಲೆ ಭಾರೀ ಅಭಿಮಾನ. ಎಮ್ಮೆಗೆ ಔಷಧ ಕೇಳಲು ಬಂದ ರೈತರಿಗೂ ಲ್ಯಾಪ್‌ಟಾಪ್ ಎತ್ತಿ ಹಿಡಿದು ತೋರಿಸುವರು. “ನೋಡ್ರಿ, ಕಟ್ಟೂ ಕಣ್ಣಿ ಇಲ್ಲದ ಆಕಳ. ಎಲ್ಲಿ ಒಯ್ದ್ರೂ ಹಾಲ ಕೊಡ್ತೈತಿ.” ಬೆಳಿಗ್ಗೆ ಪಡಸಾಲೆಯ ಕಟ್ಟೆಗೆ ಕೂತು ಅದರಲ್ಲಿಯೇ ಪೇಪರ್ ಓದುವುದು ಅವರ ರೂಢಿ. ಅಲ್ಲಿ ಅದು ಹಾಲು ಕೊಡುತ್ತಿತ್ತು, ನಿಜ. ಒಳಕೋಣೆಯಲ್ಲಿ ನನಗೆ ಒದೆಯುತ್ತಿತ್ತು. ಚಿತ್ರ ಎರಡು ನಿಮಿಷ ಓಡುವುದು, ನಿಲ್ಲುವುದು, ಮತ್ತೆ ಎಲ್ಲೋ ಮುಂದೆ ಹೋಗಿ ಶುರುವಾಗುವುದು. ಅವಳು ಎರಡು ನಿಮಿಷ ಓದಿ, ನಡುವಿನ ಒಂದು ನಿಮಿಷ ಊಹಿಸಿ ಹೇಗೋ ಸಂಭಾಳಿಸುತ್ತಿದ್ದಳು.

ಹಾಗೆ ಸಾಗುತ್ತಿರುವಾಗ ಇಂಡಿಯಲ್ಲಿ ನನ್ನ ಅಣ್ಣ ತೀರಿಕೊಂಡ. ನಿಂಬೆ ತೋಟಕ್ಕೆ ಹೋದವನು ಗಿಡದ ಬುಡದಲ್ಲಿ ಕೂತ, ಏಳಲಿಲ್ಲ. ಬೋರ್ಡಿಂಗಿನಿಂದ ರಜೆಗೆ ನಮ್ಮಿಬ್ಬರನ್ನೂ ಕರೆದೊಯ್ಯಲು ಬರುತ್ತಿದ್ದವನು ಅವನೇ. ನನ್ನ ಗೆಳತಿಯ ಟ್ರಂಕು ಒಂದು ಹೆಗಲಿಗೆ, ನನ್ನದು ಇನ್ನೊಂದಕ್ಕೆ. ಅವಳಿಗೆ ಸ್ವಂತ ಅಣ್ಣತಮ್ಮಂದಿರಿಲ್ಲ, ನನ್ನ ಅಣ್ಣನೇ ಅವಳಿಗೂ ಅಣ್ಣ. ದಿನಕರ್ಮ ಮುಗಿಸಿಕೊಂಡು ಮುದ್ದೇಬಿಹಾಳಕ್ಕೆ ಬಂದ ಗುರುವಾರ, ಈ ಸುದ್ದಿ ಟೈಪ್ ಮಾಡಿ ಕಳಿಸಲು ಮನಸ್ಸಾಗದೆ, ಮುಖ ನೋಡಿಯೇ ಹೇಳೋಣ ಅಂತ ಕೂತೆ.

ಅವಳು ಸ್ಕ್ರೀನಿಗೆ ಬಂದ ಕೂಡಲೇ ಏನೋ ತಮಾಷೆ ಮಾಡಿದಳು. ನನಗೂ ಒಂದು ಕ್ಷಣ ನಗು ಬಂತು. ಆಮೇಲೆ ಗಟ್ಟಿ ಮನಸ್ಸು ಮಾಡಿ ಹೇಳತೊಡಗಿದೆ. ಅಣ್ಣ ಹೋದ ಅಂದೆ. ತೋಟದಲ್ಲಿ ಹೇಗಾಯಿತು ಅಂತ ಹೇಳಿದೆ. ಅವಳು ನಗುತ್ತಿದ್ದಳು. ಇನ್ನೊಮ್ಮೆ ಹೇಳಿದೆ. ಅವಳು ಇನ್ನೂ ಜೋರಾಗಿ ನಕ್ಕಳು, ತಲೆದೂಗಿದಳು. ನಾನು ಏನೂ ತೋಚದೆ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.

ಆಗಿದ್ದೇನು ಅಂದರೆ, ಅವಳ ಸ್ಕ್ರೀನಿನಲ್ಲಿ ನಾನು ಮೊದಲಿನ ಆ ನಗುವಿನಲ್ಲಿಯೇ ನಿಂತುಬಿಟ್ಟಿದ್ದೆ, ಬಾಯಿ ತೆರೆದು, ಹಲ್ಲು ಬಿಟ್ಟು. ಪಾಪ, ನಾನು ನಗುತ್ತಲೇ ಇದ್ದೇನೆ ಅಂತ ಅವಳೂ ನಗುತ್ತಿದ್ದಳು. ಸಂಜೆ ನಾನು ಸುದ್ದಿ ಬರೆದು ಕಳಿಸಿದೆ, ವಿಧಿಯಿರಲಿಲ್ಲ. ಮರುದಿನ ಅವಳ ಮೇಲ್ ಬಂತು. ಸೊಸೆಯ ಕೈಲಿ ಟೈಪ್ ಮಾಡಿಸಿದ್ದಳು. “ಅಣ್ಣ ಸತ್ತ ಸುದ್ದಿಗೆ ನಾನು ನಕ್ಕೆ. ಇನ್ನು ಈ ಆಟ ನನಗೆ ಬೇಡ. ಬರುವ ಗುರುವಾರ ಒಂದು ಸಲ ಬಂದು ಸರಿಯಾಗಿ ಗುಡ್‌ಬೈ ಹೇಳುತ್ತೇನೆ, ಅಷ್ಟೇ.” ಹಾಗಂತ ಇತ್ತು.

ಅವಳ ಹಟ ನನಗೆ ಗೊತ್ತು. ಪೆನ್ನು ಬಿಟ್ಟಳು, ಮಶೀನು ಬಿಟ್ಟಳು. ಇದನ್ನೂ ಬಿಟ್ಟರೆ ನಮ್ಮ ನಡುವೆ ಉಳಿಯುವುದು ಸೊಸೆ ಟೈಪ್ ಮಾಡಿದ ಕುಶಲ ಸಮಾಚಾರ. ನನ್ನ ಕೈಲಿದ್ದದ್ದು ಆರು ದಿನ.

ಬಾಗೇವಾಡಿಯಲ್ಲಿ ಒಬ್ಬ ಅಂಗಡಿಯವನಿದ್ದ. ನಾನು ಅಲ್ಲಿ ನೌಕರಿ ಮಾಡುವಾಗ ರೇಡಿಯೋ ರಿಪೇರಿ ಮಾಡುತ್ತಿದ್ದವನು, ಆಮೇಲೆ ಟಿವಿ, ಆಮೇಲೆ ಕಂಪ್ಯೂಟರು. ಅವನ ಬಾಯಲ್ಲಿ ನಾನು ಇಂದಿಗೂ ಬಾಯಾರು, ಅಂದರೆ ಟೀಚರಮ್ಮ. ಅವನಿಗೆ ಫೋನ್ ಮಾಡಿ, ಪಡಸಾಲೆಯಿಂದ ನನ್ನ ಕೋಣೆಯವರೆಗೆ ವೈರು ಎಳೆದು ಕೊಡು ಅಂದೆ.

“ಬಾಯಾರ, ಜಗತ್ತೆಲ್ಲಾ ವಾಯರ್ ಕಿತ್ತ ಒಗ್ಯಾಕತ್ತೈತಿ, ನೀವ ಹಾಕಸಾಕತ್ತೀರಿ?”

“ಜಗತ್ತಿನ ಗ್ವಾಡಿ ಎರಡೂವರಿ ಫೂಟ ಇಲ್ಲಪಾ. ನೀ ಬಾ.”

ಬಂದ. ಹೆಗಲಿಗೆ ನೀಲಿ ವೈರಿನ ಸುರುಳಿ, ಕೈಯಲ್ಲಿ ವೈರು ಕತ್ತರಿಸುವ ಪಕ್ಕಡ. ಪಡಸಾಲೆಯಿಂದ ಬಾಗಿಲ ಹೊಸ್ತಿಲು ದಾಟಿಸಿ ನಡುಮನೆಗುಂಟ ಒಳಕೋಣೆಗೆ, ಹತ್ತು ನಿಮಿಷದ ಕೆಲಸ ಅಂದ. ವೈರನ್ನು ಹೊಸ್ತಿಲ ಮೇಲೆ ಹಾಸುತ್ತಿರುವಾಗ ಒಳಗಿನಿಂದ ನನ್ನ ನೆಗೆಣ್ಣಿ ಬಂದರು. ನನ್ನ ಭಾವನವರ ಹೆಂಡತಿ, ಮನೆಗೆ ಹಿರಿಯರು, ನಾನು ಅಕ್ಕ ಅನ್ನುತ್ತಿದ್ದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಆ ಹೊಸ್ತಿಲು ತೊಳೆದು, ಅರಿಶಿಣ ಹಚ್ಚಿ, ಕುಂಕುಮವಿಟ್ಟು, ಎರಡು ಎಳೆ ರಂಗೋಲಿ ಬಿಡದೆ ಅವರು ಚಹಾ ಕುಡಿದವರಲ್ಲ. ಅದರ ಮೇಲೆ ಯಾರೂ ನಿಲ್ಲುವಂತಿಲ್ಲ. ಅದರಾಚೆ ನಿಂತು ಏನೂ ಕೊಡುವಂತಿಲ್ಲ, ಇಸಿದುಕೊಳ್ಳುವಂತಿಲ್ಲ.

“ಹೊಸ್ತಿಲ ಮ್ಯಾಲ ವಾಯರ್ ಹಾಸ್ತೀಯೇನ ತಂಗಿ? ಲಕ್ಷ್ಮಿ ಒಳಗ ಬರಾಕಿ ಎಡವಿ ಬೀಳ್ಲೇನ?”

ನಮ್ಮ ಮನೆಯವರು ಕಟ್ಟೆಯ ಮೇಲಿಂದಲೇ, “ವೈನಿ, ಲಕ್ಷ್ಮಿ ವಾಯರ್‌ಲೆಸ್ ಅದಾಳ. ಆಕಿ ಹೆಂಗರ ಬರ್ತಾಳ ಬಿಡ್ರಿ” ಅಂದರು.

“ನೀ ದನದ ಡಾಕ್ಟರ, ದನಾ ನೋಡ. ದೇವರ ಸುದ್ದಿ ನಿನಗ ಯಾಂವ ಕೇಳ್ಯಾನ?”

ಅಂಗಡಿಯವನು ಬಾಗಿಲ ಮೇಲುಗಡೆಯಿಂದ ತರುತ್ತೇನೆ ಅಂದ. ಹಾಗೆ ತಂದರೆ ಬಾಗಿಲು ಹಾಕಲು ಬರುವುದಿಲ್ಲ. ಗೋಡೆಗೆ ತೂತು ಹೊಡೆಯುತ್ತೇನೆ ಅಂದ. ಮಣ್ಣಿನ ಗೋಡೆ, ಒಂದು ಕಲ್ಲು ಸಡಿಲಾದರೆ ಸಾಲಾಗಿ ಬರುತ್ತವೆ ಅಂತ ನಮ್ಮ ಮನೆಯವರು ಒಪ್ಪಲಿಲ್ಲ. ನಾನು ವೈರಿನ ಸುರುಳಿಯ ಪಕ್ಕ ನೆಲಕ್ಕೆ ಕೂತುಬಿಟ್ಟೆ. ಅಕ್ಕನಿಗೆ ಎದುರಾಡಿದವಳಲ್ಲ ನಾನು. ಆದರೆ ಆವತ್ತು ಬಾಯಿಗೆ ಬಂತು. “ಅಕ್ಕಾ, ಅಣ್ಣ ಸತ್ತದ್ದು ಆಕಿಗೆ ಹೇಳಾಕ ಆಗವಲ್ದು. ನಾ ಅಳಾಕತ್ತೀನಿ, ಆಕಿ ನಗಾಕತ್ತಾಳ” ಅಂದೆ. ಇಂಗ್ಲಿಷಿನಲ್ಲಿ ಎಷ್ಟೋ ಸೊಗಸಾಗಿ ಹೇಳಬಲ್ಲೆ ಅಂದುಕೊಂಡವಳಿಗೆ ಅದಕ್ಕಿಂತ ಹೆಚ್ಚು ಹೇಳಲು ಆಗಲಿಲ್ಲ.

ಅಕ್ಕ ಹೊಸ್ತಿಲ ಮೇಲಿನ ವೈರನ್ನು ಎತ್ತಿ ಬದಿಗಿಟ್ಟರು. ಆಮೇಲೆ ಮೇಲೆ ಕೈ ಮಾಡಿ ತೋರಿಸಿದರು.

“ಮಾಳಗಿ ಮ್ಯಾಲ ಒಣಗಿಸಿದ ಹಪ್ಪಳ, ಸಂಡಿಗಿ, ಮೆಣಸಿನಕಾಯಿ ಎಲ್ಲಿಂದ ಇಳಸ್ತಿದ್ವಿ? ಬುಟ್ಟಿಗೆ ಹಗ್ಗಾ ಕಟ್ಟಿ ಬೆಳಕಿಂಡಿಲೇ ಇಳಸ್ತಿದ್ದಿಲ್ಲೇನ? ಇದನ್ನೂ ಹಂಗ ಇಳಸ್ರಿ. ಹೊಸ್ತಿಲ ದಾಟೂದ ಬ್ಯಾಡ, ಬೆಳಕ ಬರೂ ಹಾದಿಲೇ ಬರ್ಲಿ.”

ನಲವತ್ತು ವರ್ಷ, ಬೇಸಿಗೆ ರಜೆಗೆ ಬಂದಾಗಲೆಲ್ಲ, ಆ ಮನೆಯಲ್ಲಿ ಮೆಣಸಿನಕಾಯಿ ಇಳಿಸಿಕೊಂಡವಳು ನಾನು, ನನಗೆ ಹೊಳೆದಿರಲಿಲ್ಲ. ಪಡಸಾಲೆಯ ಸಣ್ಣ ಗಾಳಿಕಿಂಡಿಯಿಂದ ವೈರು ಮಾಳಿಗೆಗೆ ಏರಿತು. ಮಾಳಿಗೆಯ ಮೇಲೆ ಮಂಗಗಳ ಕಾಟ, ಅದಕ್ಕೆ ತೋಟಕ್ಕೆ ಹಾಕಿ ಉಳಿದಿದ್ದ ಕರಿ ಡ್ರಿಪ್ ಪೈಪಿನೊಳಗೆ ತೂರಿಸಿದರು. ಆ ಕಡೆಯಿಂದ ಅಂಗಡಿಯವನು ಬೆಳಕಿಂಡಿಯ ಮುಚ್ಚಳ ಸರಿಸಿ, “ಹಿಡ್ಕೋರಿ ಬಾಯಾರ!” ಅಂದ. ನೀಲಿ ವೈರು ಬಿಸಿಲಿನ ಜೊತೆಗೆ ನನ್ನ ಕೈಗೆ ಇಳಿಯಿತು. ತುದಿಗೆ ಪಿನ್ನು ಕೂಡಿಸಿ ಲ್ಯಾಪ್‌ಟಾಪಿಗೆ ಚುಚ್ಚಿ, ಟಿಕ್ ಅಂದ ಮೇಲೆ, ಮುಗೀತ್ರಿ ಅಂದ. ಅಷ್ಟರಲ್ಲಿ ಕರೆಂಟು ಹೋಯಿತು. ಅವನು ಬಸ್ಸಿಗೆ ಹೊತ್ತಾಯಿತು ಅಂತ ಹೋದ.

ಮರುದಿನ, ಬುಧವಾರ, ಕರೆಂಟಿದ್ದಾಗ ನಾಗಪುರದ ಸೊಸೆಯನ್ನು, ಅತ್ತೆಗೆ ಹೇಳಬೇಡಮ್ಮಾ ಅಂತ ಗುಟ್ಟಾಗಿ ಕ್ಯಾಮೆರಾ ಮುಂದೆ ಕೂರಿಸಿದೆ. ಎರಡು ನಿಮಿಷಕ್ಕೆ ಫೋನಿನಲ್ಲಿ ಅವಳ ದನಿ. “ಆಂಟಿ, ಯೂ ಆರ್ ಸ್ಟಕ್ ಅಗೇನ್. ಕಣ್ಣು ಮುಚ್ಚಿದ ಹಾಗೆ ನಿಂತಿದ್ದೀರಿ.”

ಅಂಗಡಿಯವನಿಗೆ ಫೋನ್ ಮಾಡಿದರೆ ಅವನು ತುಸು ಯೋಚಿಸಿ, “ಅದಕ್ಕ ವಾಯರ್‌ಲೆಸ್ಸೂ ಸಿಗಾಕತ್ತೈತಲ್ರಿ, ಅದನ್ನ ಬಿಡವಲ್ದು. ವಾಯರ್‌ಲೆಸ್ ಸಿಗಲಿಲ್ಲಂದ್ರ ತಾನ ವಾಯರ್ ಹಿಡೀತೈತ್ರಿ” ಅಂದ. ಹೇಗೆ ಸಿಗದಂತೆ ಮಾಡುವುದು ಅಂತ ಕೇಳಿದ್ದಕ್ಕೆ, ನಾಡಿದ್ದು ಬಂದು ನೋಡ್ತೀನಿ ಅಂದ. ನಾಡಿದ್ದು ಅಂದರೆ ಶುಕ್ರವಾರ.

ನಮ್ಮ ಮನೆಯವರು ಇದನ್ನು ಕೇಳಿಸಿಕೊಂಡು, “ಇಷ್ಟ ಏನ?” ಅಂತ ಎದ್ದು ಹಿತ್ತಲಿಗೆ ಹೋದರು. ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆಯನ್ನು ಹೊತ್ತು ತಂದು, ಪಡಸಾಲೆಯ ಸ್ಟೂಲಿನ ಮೇಲಿನ ಪೆಟ್ಟಿಗೆಗೆ ಬೋರಲು ಹಾಕಿದರು. ನಗಬೇಡಿ. ಒಳಗೆ ನನ್ನ ಸ್ಕ್ರೀನಿನಲ್ಲಿ ವೈರ್‌ಲೆಸ್ಸಿನ ಹಸಿರು ಗೀಟುಗಳು ಒಂದೊಂದಾಗಿ ಇಳಿದು ಸೊನ್ನೆಯಾದವು. ಸೊಸೆ ಫೋನಿನಲ್ಲಿ, “ಆಂಟಿ, ಸೂಪರ್! ನಿಮ್ಮ ಮೂಗುತಿ ಕೂಡ ಕಾಣ್ತಿದೆ” ಅಂದಳು.

ಎಮ್ಮೆಯ ವಿಚಾರಕ್ಕೆ ಬಂದಿದ್ದ ರೈತನೊಬ್ಬ ಬಾಗಿಲಲ್ಲಿ ನಿಂತು, “ಸಾಹೇಬ್ರ, ಹಂಡೇದ ಬುಡಕ ಏನ್ರಿ?” ಅಂದ.

“ಕೋಳಿ ಮುಚ್ಚೇನಿ.”

“ನಿಮ್ಮನ್ಯಾಗ ಕೋಳಿ?”

“ತತ್ತಿ ಇಡೂದಲ್ಲ, ಬರೇ ಕೂಗೂದು.”

ಈ ಸಂತೋಷ ಇಪ್ಪತ್ತು ನಿಮಿಷ ಬಾಳಿತು. ಹಂಡೆಯ ಕೆಳಗೆ ಪೆಟ್ಟಿಗೆ ಕಾದು ಕೆಂಡವಾಗಿ ತಾನೇ ಆರಿತು. ವೈರ್‌ಲೆಸ್ಸೂ ಇಲ್ಲ, ವೈರೂ ಇಲ್ಲ. ಹಿತ್ತಲಿನಿಂದ ಅಕ್ಕನ ದನಿ ಬೇರೆ: “ನನ್ನ ಹಂಡೆ ಯಾರ ಒಯ್ದ್ರಿ?”

ಆದರೆ ಆ ಇಪ್ಪತ್ತು ನಿಮಿಷದಿಂದ ನನಗೊಂದು ಧೈರ್ಯ ಬಂತು. ವೈರಿನಲ್ಲಿ ತಪ್ಪಿಲ್ಲ. ಲ್ಯಾಪ್‌ಟಾಪಿಗೆ ಎರಡು ದಾರಿ ಕಂಡಾಗ ಯಾವುದು ಮೊದಲು ಅಂತ ಗೊತ್ತಾಗುತ್ತಿಲ್ಲ, ಅಷ್ಟೇ. ನಮ್ಮ ಅಂಗಡಿಯವನು ಕೈ ಚುರುಕಿನ ಮನುಷ್ಯ, ಆದರೆ ಸ್ಕ್ರೀನನ್ನು ಓದುತ್ತಿರಲಿಲ್ಲ. ಎಲ್ಲಿ ಒತ್ತಬೇಕೆಂದು ಜಾಗದ ನೆನಪಿನಿಂದ ಒತ್ತುತ್ತಿದ್ದ. ನಾನು ಜನ್ಮವೆಲ್ಲ ಮಕ್ಕಳಿಗೆ ಅನ್‌ಸೀನ್ ಪ್ಯಾಸೇಜ್ ಓದಿಸಿದವಳು. ಮೊದಲು ಪೂರ್ತಿ ಓದಿ, ಆಮೇಲೆ ಉತ್ತರ ಬರೀರಿ ಅಂತ ಗದರಿದವಳು. ಆವತ್ತೇ ಊಟ ಮುಗಿದು, ಪೆಟ್ಟಿಗೆ ತಣ್ಣಗಾಗಿ ಮತ್ತೆ ಹತ್ತಿದ ಮೇಲೆ, ಹೆಲ್ಪ್ ಅನ್ನುವ ಪುಟ ತೆಗೆದು ಕೂತೆ. ಅದರ ಇಂಗ್ಲಿಷೂ ಕಾನ್ವೆಂಟಿನ ಸಿಸ್ಟರ್‌ಗಳ ಇಂಗ್ಲಿಷಿನ ಹಾಗೆಯೇ, ತಣ್ಣಗೆ, ಒಂದು ಅಕ್ಷರ ಹೆಚ್ಚಿಲ್ಲ. ಪಕ್ಕದಲ್ಲಿ ಅಕ್ಕ ಮೊರದಲ್ಲಿ ತೊಗರಿಬೇಳೆ ಆರಿಸುತ್ತ ಕೂತಿದ್ದರು. ಸಿಟ್ಟು ಇಳಿದಿರಲಿಲ್ಲ.

ವೈರ್‌ಲೆಸ್ಸನ್ನು ಪೂರ್ತಿ ಬಂದ್ ಮಾಡುವ ಒಂದು ದಾರಿ ಸಿಕ್ಕಿತು. ಕೂಗಿ ಹೇಳಿದೆ. ಪಡಸಾಲೆಯಿಂದ, “ನನ್ನ ಪೇಪರ್?” ಅಂತ ಉತ್ತರ ಬಂತು. ಮುಂದೆ ಓದಿದೆ. ನೆಟ್‌ವರ್ಕ್ ಕನೆಕ್ಷನ್ಸ್ ಕಿಟಕಿ ತೆಗೆದು, ಮೇಲಿನ ಅಡ್ವಾನ್ಸ್ಡ್ ಅನ್ನುವುದರೊಳಗೆ ಹೋಗಿ, ಅದರೊಳಗೆ ಇನ್ನೊಂದು ಅಡ್ವಾನ್ಸ್ಡ್ ಸೆಟ್ಟಿಂಗ್ಸ್. ಅಲ್ಲಿ ಒಂದು ಪುಟ್ಟ ಪಟ್ಟಿ ಇತ್ತು. ಕಂಪ್ಯೂಟರು ಈ ಪಟ್ಟಿಯ ಕ್ರಮದಲ್ಲಿಯೇ ದಾರಿ ಹಿಡಿಯುತ್ತದೆ ಅಂತ ಹೆಲ್ಪ್ ಹೇಳಿತ್ತು. ನೋಡಿದರೆ ಮೊದಲ ಸಾಲಿನಲ್ಲಿ ವೈರ್‌ಲೆಸ್ಸು ಕೂತಿದೆ. ಲೋಕಲ್ ಏರಿಯಾ ಕನೆಕ್ಷನ್ ಅನ್ನುವ ಹೆಸರಿನಲ್ಲಿ ನಮ್ಮ ವೈರು ಕೆಳಗಿದೆ. ಬದಿಗೆ ಎರಡು ಹಸಿರು ಬಾಣ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ವೈರಿನ ಹೆಸರನ್ನು ಮುಟ್ಟಿ ಮೇಲಿನ ಬಾಣ ಒತ್ತಿದೆ. ವೈರು ಒಂದು ಮೆಟ್ಟಿಲು ಹತ್ತಿ ಮೊದಲ ಸಾಲಿಗೆ ಬಂತು. ಓಕೆ ಒತ್ತಿ, ಲ್ಯಾಪ್‌ಟಾಪ್ ಆರಿಸಿ, ಮತ್ತೆ ಹಚ್ಚಿದೆ.

ಅಕ್ಕ ಮೊರದಿಂದ ತಲೆ ಎತ್ತದೆ, “ಏನ ಮಾಡಿದಿ?” ಅಂದರು.

“ವಾಯರನ್ನ ಮೊದಲ ಕುಂಡ್ರಿಸೀನಿ ಅಕ್ಕಾ. ಇಷ್ಟ ದಿನಾ ವಾಯರ್‌ಲೆಸ್ ಮೊದಲ ಕುಂತಿತ್ತು.”

“ಅಂದ್ರ ಪಂಕ್ತಿ ಇದ್ದಂಗ. ಮೊದಲ ಕುಂತಾವರಿಗೆ ಮೊದಲ ನೀಡೂದು.”

“ಹೂಂ. ಹಂಗ.”

“ಮತ್ತ ವಾಯರ್‌ಲೆಸ್ಸು ಎದ್ದ ಹೋತೇನ?”

“ಇಲ್ಲ. ಎರಡನೇ ಎಲಿಗೆ ಕುಂತೈತಿ. ವಾಯರ್ ಕಿತ್ತ ಪಡಸಾಲಿಗೆ ಒಯ್ದ್ರ ಅದಕ್ಕ ನೀಡ್ತಾರ.”

ಅಕ್ಕ ಒಂದು ಕಲ್ಲು ಆರಿಸಿ ಒಗೆದರು. “ಹಂಗಾದ್ರ ಅವನ ಪೇಪರೂ ಉಳೀತು, ನಿನ್ನ ಗೆಳತೀನೂ ಉಳದ್ಳು. ಇಷ್ಟಕ್ಕ ನನ್ನ ಹಂಡೆ ಯಾಕ ಹೊತ್ಕೊಂಡ ಹೋಗಿದ್ರಿ?”

ಆವತ್ತು ಸೊಸೆ ಅರ್ಧ ಗಂಟೆ ಕೂತಳು. ಚಿತ್ರ ಒಂದು ಸಲವೂ ನಿಲ್ಲಲಿಲ್ಲ.

ಗುರುವಾರ ನಾಲ್ಕಕ್ಕೆ ಗೆಳತಿ ಬಂದಳು. ಕಾಟನ್ ಸೀರೆ, ನೀಟಾಗಿ ಬಾಚಿದ ತಲೆ, ಹೊರಟು ನಿಂತವರ ಮುಖ. ಬೆಳಕಿಂಡಿಯ ಬೆಳಕಿಗೆ ಮುಖ ಕೊಟ್ಟು ನಾನು ಮತ್ತೆ ಮೊದಲಿನಿಂದ ಹೇಳಿದೆ. ಅಣ್ಣ ಬೆಳಿಗ್ಗೆ ಚಹಾ ಕುಡಿದು ತೋಟಕ್ಕೆ ಹೋದದ್ದು. ಗಿಡದ ಬುಡದಲ್ಲಿ ಕೂತದ್ದು. ಅದಕ್ಕೆ ಎರಡು ದಿನ ಮೊದಲು ಫೋನಿನಲ್ಲಿ, “ನಾಗಪುರದಾಕಿಗೆ ಈ ಸಲದ ನಿಂಬೆ ಉಪ್ಪಿನಕಾಯಿ ಕಳಿಸಿದ್ಯೋ ಇಲ್ಲೋ?” ಅಂತ ನನ್ನನ್ನು ಕೇಳಿದ್ದು. ನಾನು ಇಲ್ಲ ಅಂದದ್ದಕ್ಕೆ ಬೈದದ್ದು.

ಅವಳು ಒಮ್ಮೆಯೂ “ಏನು?” ಅಂತ ತಿರುಗಿ ಕೇಳಲಿಲ್ಲ. ನನ್ನ ತುಟಿಯ ಮೇಲಿಂದ ಅವಳ ಕಣ್ಣು ಕದಲಲಿಲ್ಲ. ಉಪ್ಪಿನಕಾಯಿ ಅನ್ನುವಲ್ಲಿ ಅವಳ ಊದಿದ ಬೆರಳುಗಳು ನಿಧಾನವಾಗಿ ಬಾಯಿಗೆ ಹೋದವು. ಅತ್ತಳು, ಸದ್ದಿಲ್ಲದೆ. ನಾನೂ ಅತ್ತೆ. ಇಬ್ಬರೂ ಸರಿಯಾದ ಜಾಗದಲ್ಲಿ ಅತ್ತೆವು. ಅದೇ ನನಗೆ ಆವತ್ತಿನ ದೊಡ್ಡ ಸಮಾಧಾನ. ಅಕ್ಕ ಬಾಗಿಲಲ್ಲಿ ಇಣುಕಿ ನೋಡಿ, ಒಳಗೆ ಹೋಗಿ ಎರಡು ಬಟ್ಟಲು ಚಹಾ ತಂದಿಟ್ಟರು. ಇನ್ನೊಂದು ಯಾರಿಗೆ ಅಂತ ನಾನು ಕೇಳಲಿಲ್ಲ.

ಸುಮಾರು ಹೊತ್ತಿನ ಮೇಲೆ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಕಿವುಡರಿಗೆ ಬರುವ ಆ ದೊಡ್ಡ ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ ಗದರಿದಳು.

“ಏನ ಇಷ್ಟ ದೊಡ್ಡ ಬಾಯಿ ತಗೀತಿ? ಆಗಿಂದ ನೋಡಾಕತ್ತೀನಿ, ನಿನ್ನ ಕಿರುನಾಲಿಗಿ ತನಾ ಕಾಣ್ಸಾಕತ್ತೈತಿ. ನಾ ಕಿವುಡಿ, ಕುರುಡಿ ಅಲ್ಲ. ಸಣ್ಣಗ ಮಾತಾಡ. ಲೈಕ್ ಎ ಲೇಡಿ.”

ನಿಂತು ನಿಂತು ಹೋಗುವ ಚಿತ್ರಕ್ಕಾಗಿ ತಿಂಗಳುಗಟ್ಟಲೆ ಬಾಯಿ ಅಗಲಿಸಿ ಅಗಲಿಸಿ ನನಗೆ ಅದೇ ರೂಢಿಯಾಗಿಬಿಟ್ಟಿತ್ತು. ಬಾಯಿ ಸಣ್ಣದು ಮಾಡಿಕೊಂಡು ಅಣ್ಣನ ಉಳಿದ ಸುದ್ದಿ ಹೇಳುತ್ತ ಕೂತೆ. ಗುಡ್‌ಬೈ ಹೇಳಲು ಬಂದವಳು ಆರು ಗಂಟೆಗೆ ಇಲ್ಲಿಯ ಕರೆಂಟು ಹೋಗುವವರೆಗೂ ಎದ್ದಿರಲಿಲ್ಲ.